ಬೋರ್ಡಿಗೆ ಕೈ ಹಚ್ಚೋರು ಯಾರು? ಮರಳಿನಿಂದ ಸ್ಮಾರ್ಟ್ ಬೋರ್ಡಿನ ತನಕ



ಪೋಸ್ಟ್ ಉದ್ದ ಅದ, ಪುರುಸೊತ್ತು ಮಾಡಿಕೊಂಡು ಓದ್ರಿ. ಇದು ಮುಖ್ಯವಾಗಿ ಬಿ.ಎಡ್., ಡಿ.ಎಲ್.ಎಡ್. ಓದುತ್ತಿರುವ ನಮ್ಮ ತಮ್ಮ-ತಂಗಿಯರಿಗಾಗಿ ಬರೆದದ್ದು.

ನಮ್ಮ ಮಹಾಗಾಂವದಿಂದ ಒಂದು ಕಡಿ ಹೋದ್ರ ಕಲಬುರಗಿ, ಇನ್ನೊಂದು ಕಡಿ ಹೋದ್ರ ಕಮಲಾಪುರ. ಕಲಬುರಗಿಯಲ್ಲಿ ಬಿ.ಎಡ್. ಕಾಲೇಜುಗಳು ಅವ, ಕಮಲಾಪುರದಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದ್ರ ಡಯಟ್ ಅದ. ಮುಂಜಾನೆ ಮಹಾಗಾಂವ ಕ್ರಾಸಿನಲ್ಲಿ ಬಸ್ಸಿಗೆ ನಿಂತವರಲ್ಲಿ ನಾಳಿನ ಮಾಸ್ತರು, ಟೀಚರುಗಳು ಇದ್ದಾರ. ಅವರಲ್ಲಿ ನಮ್ಮ ಓಣಿಯವರೂ ಇದ್ದಾರ, ಮನೆತನದಲ್ಲೇ ಮೊದಲ ಸಲ ಡಿಗ್ರಿ ಮುಗಿಸಿದವರು.

ಇಂಥವರು ನನಗೆ ಪದೇ ಪದೇ ಕೇಳುವ ಪ್ರಶ್ನೆ ಒಂದದ. "ಅಣ್ಣಾ, ಕಾಲೇಜಿನ್ಯಾಗ ಪಿಪಿಟಿ ಮಾಡು, ವಿಡಿಯೊ ಮಾಡು, ದೀಕ್ಷಾ ಆ್ಯಪ್ ತೋರ್ಸು ಅಂತಾರ. ಇದೆಲ್ಲಾ ಪ್ಯಾಟಿ ಸಾಲಿಗೆ ಸರಿ. ನಮ್ಮ ಹುಡುಗ್ರಿಗೆ ಯಾಕ ಬೇಕು?" ಚಳವಳಿಯ ಕೆಲವು ಸಂಗಾತಿಗಳೂ ಹಿಂಗೇ ಅಂತಾರ. ತಂತ್ರಜ್ಞಾನ ಅನ್ನೋದು ಕಂಪನಿಗಳ ಆಟ, ನಮಗ ಬೇಕಾದದ್ದು ಒಳ್ಳೆ ಮಾಸ್ತರು ಮತ್ತು ಸೋರದ ಸೂರು ಅಂತ. ಆ ಮಾತಿನಲ್ಲಿ ಅರ್ಧ ಸತ್ಯ ಅದ. ಉಳಿದ ಅರ್ಧ ತಿಳಿಯಬೇಕಂದ್ರ ಇತಿಹಾಸ ನೋಡಬೇಕು.

ಮರಳು, ಕಡತ, ಬಳಪ

ತಂತ್ರಜ್ಞಾನ ಅಂದ ಕೂಡಲೇ ಕಂಪ್ಯೂಟರ್ ನೆನಪಾಗ್ತದ. ಆದರ ಕರಿಹಲಗಿಯೂ ತಂತ್ರಜ್ಞಾನವೇ. ಪಾಟಿಯೂ ತಂತ್ರಜ್ಞಾನವೇ. ಅದಕ್ಕೂ ಮೊದಲು ಮರಳಿತ್ತು. 1823ರಲ್ಲಿ ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಕ್ಯಾಂಪ್‌ಬೆಲ್ ಅಲ್ಲಿನ ಸಾಲಿಗಳ ಲೆಕ್ಕ ಬರೆದು ಮದ್ರಾಸ್ ಸರಕಾರಕ್ಕೆ ಕಳಿಸಿದ. 533 ಸಾಲಿ, 6,641 ವಿದ್ಯಾರ್ಥಿಗಳು. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು ಅನ್ನುವುದನ್ನೂ ಅವನು ದಾಖಲಿಸಿದ್ದಾನೆ. ಆಮೇಲೆ ಕಡತ ಬರುತ್ತಿತ್ತು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಚಿ, ಅದರ ಮೇಲೆ ಬಳಪದಿಂದ ಬರೆಯುವುದು. ಇವತ್ತು ಆಫೀಸಿನಲ್ಲಿ ಫೈಲಿಗೆ ಕಡತ ಅಂತೀವಲ್ಲ, ಅದೇ ಹೆಸರು. ಮದ್ರಾಸಿನ ಅನಾಥಾಲಯ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ಈ ಮರಳಿನ ಪದ್ಧತಿಯನ್ನು ನಮ್ಮ ದೇಶದ ಸಾಲಿ ನೋಡಿಯೇ ಕಲಿತ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದ. ಅದು ಮದ್ರಾಸ್ ಪದ್ಧತಿ ಅಂತ ಹೆಸರಾಗಿ ಇಂಗ್ಲೆಂಡಿನ ಬಡ ಮಕ್ಕಳಿಗೆ ಅಕ್ಷರ ಕಲಿಸಿತು.

ಮರಳಿಗಿಂತ ಅಗ್ಗದ ಸಾಧನ ಯಾವುದದ? ಹಳ್ಳದಾಗ ಪುಕ್ಕಟೆ ಸಿಗ್ತದ. ಆ ಮರಳು ಇಂಗ್ಲೆಂಡಿನ ಬಡವರ ತನಕ ಹೋಯಿತು, ಅದೇ ಊರಿನ ಹೊಲಗೇರಿ, ಮಾದಿಗರ ಕೇರಿಗೆ ಬರಲಿಲ್ಲ. ರೊಕ್ಕ ಇಲ್ಲದ್ದಕ್ಕೆ ಬರಲಿಲ್ಲ ಅನ್ನೋಕೆ ಆಗಲ್ಲ. ಮರಳಿನ ಮುಂದ ಕೂಡಲು ಜಾಗ ಕೊಡಲಿಲ್ಲ, ಅದಕ್ಕ ಬರಲಿಲ್ಲ.

ಧಾರವಾಡದ ಹುಡುಗ, ಪುಣೆಯ ಟೀಚರಮ್ಮ

1856ರ ಜೂನ್ ತಿಂಗಳು. ಧಾರವಾಡದ ಸರಕಾರಿ ಸಾಲಿಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ್ ಹುಡುಗ ಕೇಳಿದ. ಸೇರಿಸಿಕೊಳ್ಳಲಿಲ್ಲ. ಅವನ ಅರ್ಜಿ ಮುಂಬಯಿ ಸರಕಾರದ ತನಕ ಹೋಯಿತು. ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಸಾಲಿ ಬಿಟ್ಟು ಹೋಗ್ತಾರ ಅನ್ನುವ ಅರ್ಥದಲ್ಲಿ ಸರಕಾರ ಕೈ ತೊಳಕೊಂಡಿತು. ವಿಷಯ ಲಂಡನ್ನಿಗೂ ಹೋಗಿ, 1858ರ ಹೊತ್ತಿಗೆ ಸರಕಾರದ ರೊಕ್ಕದಲ್ಲಿ ನಡೆಯುವ ಸಾಲಿ ಎಲ್ಲ ಪ್ರಜೆಗಳಿಗೂ ತೆರೆದಿರಬೇಕು ಅನ್ನುವ ನಿಯಮ ಬಂತು. ಕಾಗದದ ಮೇಲೆ ಬಂತು. ಆ ಹುಡುಗನ ಹೆಸರು ಭಾಳ ಮಂದಿಗೆ ಗೊತ್ತಿಲ್ಲ. ಆದರ ಇವತ್ತು ನಾವು ಸರಕಾರಿ ಸಾಲಿಯ ಬಾಗಿಲು ದಾಟುವಾಗ ಅವನ ಅರ್ಜಿಯ ಋಣ ನಮ್ಮ ಮೇಲದ.

ಅದಕ್ಕೂ ಮೊದಲು, 1848ರಲ್ಲಿ, ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಸಾಲಿ ತೆರೆದಿದ್ದರು. ಸಾವಿತ್ರಿಬಾಯಿ ಅಂದ್ರ ನಮಗ ಸೆಗಣಿ ಎರಚಿಸಿಕೊಂಡ ತಾಯಿ ಅಂತ ಮಾತ್ರ ನೆನಪು. ಅವರು ಅಹಮದ್‌ನಗರ ಮತ್ತು ಪುಣೆಯಲ್ಲಿ ಶಿಕ್ಷಕಿ ತರಬೇತಿ ಪಡೆದವರು ಅನ್ನುವುದನ್ನು ಮರೀತೀವಿ. ಕಲಿಸುವುದನ್ನು ಒಂದು ಕಸುಬಾಗಿ ಕಲಿತು, ಆಮೇಲೆ ತರಗತಿಗೆ ಹೋದವರು. ಇವತ್ತಿನ ಬಿ.ಎಡ್. ತಂಗಿಯರಿಗೆ ಅವರೇ ಸೀನಿಯರ್.

ಜೋತಿಬಾ 1882ರಲ್ಲಿ ಹಂಟರ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಮಾಸ್ತರುಗಳ ಬಗ್ಗೆ ಹೇಳಿದ ವಿಚಾರ ಭಾಳ ದೊಡ್ಡದು. ಪ್ರಾಥಮಿಕ ಸಾಲಿಯ ಶಿಕ್ಷಕರು ಆದಷ್ಟು ದುಡಿಯುವ ಜನರಿಂದಲೇ ಬರಬೇಕು, ಅವರಿಗೆ ತರಬೇತಿ ಕೊಡಬೇಕು, ಮಕ್ಕಳ ಜೊತೆ ಬೆರೆಯುವವರಾಗಿರಬೇಕು, ಹೊತ್ತು ಬಂದರೆ ನೇಗಿಲು ಹಿಡಿಯುವ, ಬಡಗಿಯ ಬಾಚಿ ಹಿಡಿಯುವ ಕೈ ಅವರದಾಗಿರಬೇಕು ಅಂತ. ನೇಗಿಲು, ಬಾಚಿ ಆ ಕಾಲದ ತಂತ್ರಜ್ಞಾನ. ಸಾಧನ ಹಿಡಿಯಲು ನಾಚುವ ಮಾಸ್ತರ ನಮ್ಮ ಮಕ್ಕಳಿಗೆ ಬ್ಯಾಡ ಅಂತ ಫುಲೆ 140 ವರ್ಷಗಳ ಹಿಂದೆಯೇ ಹೇಳಿ ಹೋಗ್ಯಾರ.

ಹಲಗಿ ಹಿಂದಿನ ಬುತ್ತಿ

ಬಾಬಾಸಾಹೇಬರ ಜೀವನ ಚರಿತ್ರೆಯಲ್ಲಿ ಧನಂಜಯ ಕೀರ್ ಒಂದು ಪ್ರಸಂಗ ಬರೆದಿದ್ದಾರೆ. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಮಾಸ್ತರರು ಭೀಮರಾವನನ್ನು ಲೆಕ್ಕ ಬಿಡಿಸಲು ಬೋರ್ಡಿನ ಹತ್ತಿರ ಕರೆದರು. ಕೂಡಲೇ ಸವರ್ಣ ಹುಡುಗರು ಗದ್ದಲ ಎಬ್ಬಿಸಿದರು. ಯಾಕಂದ್ರ ಅವರ ಬುತ್ತಿ ಡಬ್ಬಿಗಳು ಬೋರ್ಡಿನ ಹಿಂದಿದ್ದವು. ಭೀಮ ಬೋರ್ಡ್ ಮುಟ್ಟಿದರೆ ಬುತ್ತಿ ಮೈಲಿಗೆ. ಅವನು ಮುಟ್ಟುವ ಮೊದಲು ಓಡಿ ಹೋಗಿ ಡಬ್ಬಿ ಸರಿಸಿದರು.

ಈ ಪ್ರಸಂಗವನ್ನು ನಾವೆಲ್ಲ ಭಾಷಣದಲ್ಲಿ ಹೇಳ್ತೀವಿ, ಕೇಳಿದವರು ಕಣ್ಣೊರೆಸಿಕೊಳ್ತಾರ. ಮಾಸ್ತರ ಆಗುವವರು ಇದರಿಂದ ಕಲಿಯಬೇಕಾದ್ದು ಇನ್ನೊಂದದ. ಬೋರ್ಡ್ ಮುಂಬಯಿಯ ದೊಡ್ಡ ಸರಕಾರಿ ಹೈಸ್ಕೂಲಿನ ಬೋರ್ಡ್. ಅದು ಕೋಣೆಯಲ್ಲಿತ್ತು, ಭೀಮರಾವನೂ ಅದೇ ಕೋಣೆಯಲ್ಲಿದ್ದ. ಆ ಹೊತ್ತಿನ ಒಬ್ಬ ಅಧಿಕಾರಿ ತಪಾಸಣೆಗೆ ಬಂದಿದ್ದರೆ ಎಲ್ಲ ಸೌಲಭ್ಯ ಅದ, ಎಲ್ಲ ಜಾತಿಯವರು ಇದ್ದಾರ ಅಂತ ಬರೆದು ಹೋಗುತ್ತಿದ್ದ. ಅವನ ವರದಿಯಲ್ಲಿ ಸುಳ್ಳು ಇರುತ್ತಿರಲಿಲ್ಲ. ಬೋರ್ಡಿಗೆ ಕೈ ಹಚ್ಚೋರು ಯಾರು ಅನ್ನುವ ಕಾಲಂ ಮಾತ್ರ ಆ ವರದಿಯಲ್ಲಿ ಇರುತ್ತಿರಲಿಲ್ಲ. ಇವತ್ತಿನ ವರದಿಯಲ್ಲೂ ಇಲ್ಲ.

ನಮ್ಮ ಜಿಲ್ಲೆಗೆ ಉಪಗ್ರಹ ಬಂದ ವರ್ಷ

ಈಗ ನಮ್ಮ ಸೀಮೆಗೆ ಬರೋಣ. ತಂತ್ರಜ್ಞಾನದ ಪಾಠ ಬೆಂಗಳೂರಿಗೆ ಮೊದಲು ಬಂತು, ನಮಗ ಕೊನೆಗೆ ಬಂತು ಅಂತ ಎಲ್ಲರೂ ತಿಳಕೊಂಡಾರ. ಒಂದು ಸಲ ಉಲ್ಟಾ ಆಗಿತ್ತು.

1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ, ಸರಿಯಾಗಿ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಭಾರತದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಬಂತು. ಸೈಟ್ ಅಂತ ಅದರ ಹೆಸರು. ಇಸ್ರೋ ಮತ್ತು ನಾಸಾ ಕೂಡಿ ಮಾಡಿದ್ದು. ವಿಕ್ರಂ ಸಾರಾಭಾಯಿ 1969ರಲ್ಲಿ ಒಪ್ಪಂದ ಮಾಡಿಸಿದ್ದರು, ನೋಡಲು ಅವರು ಉಳಿಯಲಿಲ್ಲ. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಹಿಂದುಳಿದ ಜಿಲ್ಲೆ ಅಂತಲೇ ಆರಿಸಿದ್ದರು. ಬೆಂಗಳೂರಿನವರ ಮನೆಯಲ್ಲಿ ಟಿವಿ ಇಲ್ಲದ ಕಾಲಕ್ಕ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಕೋಳಿಬಲೆಯಂಥ ತಂತಿಯ ದೊಡ್ಡ ಬುಟ್ಟಿ ಆಂಟೆನಾ ಆಕಾಶಕ್ಕ ಮುಖ ಮಾಡಿ ನಿಂತಿತ್ತು.

ಸೈಟ್ ಬಗ್ಗೆ ಮೂರು ಸಂಗತಿ ನೆನಪಿಡ್ರಿ.

ಒಂದು, ಪೆಟ್ಟಿಗೆಯನ್ನು ಯಾರ ಮನೆಯಲ್ಲೂ ಇಡಲಿಲ್ಲ. ಸಾಲಿಯಂಥ ಸಾರ್ವಜನಿಕ ಜಾಗದಲ್ಲಿಟ್ಟರು. ಗೌಡರ ವಾಡೆಯಲ್ಲಿ ಇಟ್ಟಿದ್ದರೆ ನಮ್ಮವರು ಅಂಗಳದಾಚೆ ನಿಂತು ನೋಡಬೇಕಾಗುತ್ತಿತ್ತು. ಸಾಧನ ಎಲ್ಲಿ ಇಡ್ತಾರ ಅನ್ನೋದರ ಮೇಲೆ ಅದು ಯಾರದ್ದು ಅನ್ನೋದು ತೀರ್ಮಾನ ಆಗ್ತದ.

ಎರಡು, ಮುಂಜಾನೆ ಸಾಲಿ ಮಕ್ಕಳ ಪಾಠ ಕನ್ನಡದಲ್ಲಿ ಬರುತ್ತಿತ್ತು, ಇಪ್ಪತ್ತೆರಡೂವರೆ ನಿಮಿಷ. ಕನ್ನಡ ಮತ್ತು ತೆಲುಗು ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. 1956ರ ತನಕ ನಾವು ಹೈದರಾಬಾದ್ ಸಂಸ್ಥಾನ, ಆಮೇಲೆ ಹೈದರಾಬಾದ್ ರಾಜ್ಯದಾಗ ಇದ್ದವರು. ರಾಜ್ಯ ಬದಲಾದ ಮೇಲೂ ನಮ್ಮ ಮಕ್ಕಳಿಗೆ ಪರದೆಯ ಪಾಠ ಅಲ್ಲಿಂದಲೇ ಬಂತು. ನಮ್ಮ ಹಳ್ಳಿಯ ಮಾತು, ನಮ್ಮ ಹಳ್ಳಿಯ ಕೆಲಸ ಪಾಠದಲ್ಲಿ ಎಷ್ಟು ಇರಬೇಕು ಅಂತ ತೀರ್ಮಾನಿಸಿದವರು ನಮ್ಮ ಹಳ್ಳಿಯ ಮಾಸ್ತರರಲ್ಲ. ನಾವು ನೋಡುವವರು, ಮಾಡುವವರು ಬೇರೆ ಕಡೆಯವರು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅದೇ ಒಂದು ವರ್ಷದಲ್ಲಿ 6 ರಾಜ್ಯಗಳ ಸುಮಾರು 50,000 ಪ್ರಾಥಮಿಕ ಸಾಲಿ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿ ನಡೆಯಿತು. ಟಿವಿ ಪಾಠ, ರೇಡಿಯೊ, ಅಚ್ಚಾದ ಕೈಪಿಡಿ, ಕೈಯಾರೆ ಮಾಡುವ ಪ್ರಯೋಗ, ಜೊತೆಗೆ ಸಂಶಯ ಬಿಡಿಸಲು ಒಬ್ಬ ಮನುಷ್ಯ. ಎನ್‌ಸಿಇಆರ್‌ಟಿ ಇದನ್ನು ರೂಪಿಸಿತ್ತು. ಅಂದ್ರ 1975ರಲ್ಲೇ ಅವರಿಗೆ ಗೊತ್ತಿತ್ತು, ಪರದೆ ಒಂದೇ ಸಾಕಾಗಲ್ಲ ಅಂತ.

ಒಂದು ವರ್ಷ ಮುಗಿದ ಮೇಲೆ ಉಪಗ್ರಹವನ್ನು ಅಮೆರಿಕ ವಾಪಸ್ ತಗೊಂಡಿತು. 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನದ ಟ್ರಾನ್ಸ್‌ಮಿಟರ್ ಬಂತು ಖರೆ, ಆದರ ಆಕಾಶದಿಂದ ನೇರ ಪಾಠ ಇಳಿಯುತ್ತಿದ್ದ ದಿನ ಮುಗಿದವು. ಬೇರೆಯವರ ಯಂತ್ರವನ್ನು ಬೇರೆಯವರು ಯಾವತ್ತಾದರೂ ಒಯ್ಯಬಹುದು. ಮಾಸ್ತರ ಕಲಿತ ಪ್ರಯೋಗವನ್ನು ಯಾರೂ ಒಯ್ಯಲು ಆಗಲ್ಲ.

ಬೀಗ ಹಾಕಿದ ಕೋಣೆ

1986ರ ಶಿಕ್ಷಣ ನೀತಿಯ ನಂತರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆ ಬಂತು. ಪ್ರತಿ ಪ್ರಾಥಮಿಕ ಸಾಲಿಗೆ ಕನಿಷ್ಠ 2 ಕೋಣೆ, ಇಬ್ಬರು ಶಿಕ್ಷಕರು, ಬೋರ್ಡ್, ನಕಾಶೆ, ಪಾಠೋಪಕರಣ. ಸ್ವಾತಂತ್ರ್ಯ ಬಂದು 40 ವರ್ಷ ಆದ ಮೇಲೆ ಕರಿಹಲಗಿ ಕೊಡಲು ಒಂದು ರಾಷ್ಟ್ರೀಯ ಯೋಜನೆ ಬೇಕಾಯಿತು ಅನ್ನೋದು ನೆನಪಿರಲಿ. ದೇಶದಲ್ಲಿ ಡಯಟ್‌ಗಳು ಹುಟ್ಟಿದ್ದು ಅದೇ ನೀತಿಯಿಂದ. ಇದರ ನಡುವೆಯೇ, 1984-85ರಲ್ಲಿ, ಕ್ಲಾಸ್ ಅನ್ನುವ ಯೋಜನೆಯಡಿ ಇಂಗ್ಲೆಂಡಿನ ಬಿಬಿಸಿ ಮೈಕ್ರೊ ಕಂಪ್ಯೂಟರುಗಳು ದೇಶದ ಕೆಲವು ಸಾಲಿಗೆ ಬಂದಿದ್ದವು. ಒಂದು ಸಾಲಿಗೆ ಕಂಪ್ಯೂಟರ್, ಇನ್ನೊಂದಕ್ಕೆ ಬೋರ್ಡೂ ಇಲ್ಲ.

ಆಮೇಲೆ ಹೈಸ್ಕೂಲುಗಳಿಗೆ ಕಂಪ್ಯೂಟರ್ ಕೋಣೆಗಳು ಬಂದವು. ನಮ್ಮ ರಾಜ್ಯದಲ್ಲಿ ಭಾಳ ಕಡೆ ಖಾಸಗಿ ಕಂಪನಿಗಳಿಗೆ ಗುತ್ತಿಗೆ. ಯಂತ್ರ ಅವರದು, ಕಲಿಸುವವರು ಅವರ ಕಡೆಯವರು, ಸಾಲಿಯ ಮಾಸ್ತರರು ಬಾಗಿಲಲ್ಲಿ ನಿಂತು ನೋಡುವವರು. ಗುತ್ತಿಗೆ ಮುಗಿದ ಮೇಲೆ ಕೋಣೆಗೆ ಬೀಗ. ನಾನು ಓದಿದ ಸಾಲಿಯ ಹೆಸರು ಬ್ಯಾಡ. ಅಲ್ಲಿಯೂ ಅಂಥ ಕೋಣೆ ಇತ್ತು. ಶನಿವಾರ ಬೀಗ ತೆಗೆದು ಕಸ ಹೊಡೆಯಲು ನಮ್ಮ ಓಣಿಯ ಹುಡುಗರನ್ನು ಒಳಗ ಕಳಿಸುತ್ತಿದ್ದರು. ಯಂತ್ರದ ಮೇಲಿನ ಧೂಳು ನಾವು ಒರೆಸಿದ್ದೀವಿ. ಗುಂಡಿ ಒತ್ತುವ ಪಾಳಿ ನಮಗ ಒಮ್ಮೆಯೂ ಬರಲಿಲ್ಲ. ಬೋರ್ಡಿನ ಹಿಂದೆ ಬುತ್ತಿ ಇರಲಿಲ್ಲ ಅಷ್ಟೇ.

ಪಕ್ಕದ ಕೇರಳ ಬೇರೆ ದಾರಿ ಹಿಡಿಯಿತು. 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಶುರು ಮಾಡಿ, ಸಾಲಿಯ ಶಿಕ್ಷಕರನ್ನೇ ತರಬೇತುದಾರರನ್ನಾಗಿ ಮಾಡಿತು. ಮುಂದೆ ಮುಕ್ತ ತಂತ್ರಾಂಶಕ್ಕೆ ಹೋಯಿತು. ಯಾವ ಕಂಪನಿಗೂ ಲೈಸೆನ್ಸ್ ರೊಕ್ಕ ಕಟ್ಟಬೇಕಿಲ್ಲ. ಕಲಿಸೋರು ಮಾಸ್ತರರೇ, ರಿಪೇರಿ ಮಾಡೋರೂ ಮಾಸ್ತರರೇ. ನಮ್ಮಲ್ಲೂ 2011ರಲ್ಲಿ ವಿಷಯ ಶಿಕ್ಷಕರ ವೇದಿಕೆ ಅಂತ ಒಂದು ಒಳ್ಳೆ ಕೆಲಸ ಶುರುವಾಗಿತ್ತು. ಸರಕಾರಿ ಹೈಸ್ಕೂಲಿನ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಒಬ್ಬರಿಗೊಬ್ಬರು ಇಮೇಲಿನಲ್ಲಿ ಮಾತಾಡಿಕೊಂಡು, ತಾವೇ ಪಾಠ ಸಾಮಗ್ರಿ ಮಾಡಿ ಕನ್ನಡದಲ್ಲಿ ಮುಕ್ತವಾಗಿ ಹಂಚಿದರು. ಅಂದ್ರ ಕನ್ನಡದ ಮಾಸ್ತರರಿಗೆ ಆಗಲ್ಲ ಅನ್ನೋದು ಸುಳ್ಳು. ಅವಕಾಶ ಕೊಟ್ಟಾಗ ಆಗ್ಯಾದ.

ಮೊಬೈಲ್ ಇಲ್ಲದ ಮಗು, ಕ್ಯಾಮೆರಾ ಇರುವ ಕೋಣೆ

2020ರಲ್ಲಿ ಕೊರೊನಾ ಬಂತು, ಸಾಲಿ ಮುಚ್ಚಿದವು. ಆನ್‌ಲೈನ್ ಕ್ಲಾಸ್ ಅಂದರು. ಕೇಂದ್ರ ಸರಕಾರದ್ದೇ 2017-18ರ ಸಮೀಕ್ಷೆ ಪ್ರಕಾರ ದೇಶದ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಮನೆ ನೂರಕ್ಕೆ 4, ಇಂಟರ್‌ನೆಟ್ ಸೌಲಭ್ಯ ಇದ್ದ ಮನೆ ನೂರಕ್ಕೆ 15. 2021ರ ಆಗಸ್ಟಿನಲ್ಲಿ ಕರ್ನಾಟಕವೂ ಸೇರಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಸುಮಾರು 1,400 ಬಡ ಮಕ್ಕಳನ್ನು ಜ್ಯಾಂ ದ್ರೇಜ್ ಮತ್ತು ಸಂಗಾತಿಗಳು ಮಾತಾಡಿಸಿದರು. ಹಳ್ಳಿಯ ಮಕ್ಕಳಲ್ಲಿ ಆನ್‌ಲೈನ್‌ನಲ್ಲಿ ನಿಯಮಿತವಾಗಿ ಓದುತ್ತಿದ್ದವರು ನೂರಕ್ಕೆ 8. ದಲಿತ, ಆದಿವಾಸಿ ಮಕ್ಕಳನ್ನೇ ತೆಗೆದುಕೊಂಡರೆ ನೂರಕ್ಕೆ 4. ಒಂದೇ ಬಡತನ, ಒಂದೇ ಹಳ್ಳಿ, ಆದರೂ ಜಾತಿ ನೋಡಿ ಮೊಬೈಲ್ ಸಿಗ್ತದ.

ಆ ಹೊತ್ತಿನಲ್ಲಿ ನಮ್ಮ ಸರಕಾರಿ ಮಾಸ್ತರರು ವಿದ್ಯಾಗಮ ಅಂತ ಮರದ ಕೆಳಗ, ಗುಡಿ ಕಟ್ಟಿ ಮೇಲೆ, ಸಮುದಾಯ ಭವನದಾಗ ಪಾಠ ಮಾಡಿದರು. ಅವರ ಶ್ರಮಕ್ಕೆ ಶರಣು. ಆದರ ಗುಡಿ ಕಟ್ಟಿ ಮೇಲೆ ನಮ್ಮ ಮಗು ಎಲ್ಲಿ ಕೂಡಬೇಕು ಅನ್ನೋ ಪ್ರಶ್ನೆ ಸುತ್ತೋಲೆ ಬರೆದವರ ತಲೆಗೆ ಬಂದಿತ್ತಾ? ಸೈಟ್ ಕಾಲದವರು ಪೆಟ್ಟಿಗೆ ಎಲ್ಲಿಡಬೇಕು ಅಂತ ಯೋಚಿಸಿದಷ್ಟೂ ಇವರು ಯೋಚಿಸಲಿಲ್ಲ ಅಂತ ನನಗ ಅನಿಸ್ತದ.

2024ರಲ್ಲಿ ಇನ್ನೊಂದು ತಂತ್ರಜ್ಞಾನ ಬಂತು. ಎಸ್ಸೆಸ್ಸೆಲ್ಸಿ ಪರೀಕ್ಷಾ ಕೋಣೆಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ. 2023ರಲ್ಲಿ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕ ಕೊಟ್ಟ ಮೇಲೂ 73.40ಕ್ಕೆ ಇಳಿಯಿತು. 2025ರಲ್ಲಿ ಕಲಬುರಗಿ ಜಿಲ್ಲೆ 42.43 ಪಡೆದು ರಾಜ್ಯಕ್ಕೆ ಕೊನೆ. ನಕಲು ನಿಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ನಕಲಿನಿಂದ ಪಾಸಾದ ಮಗು ನಮ್ಮದೇ, ಮೋಸ ಹೋದದ್ದೂ ನಮ್ಮದೇ. ಆದರ ಒಂದು ಕೇಳ್ತೀನಿ. ಒಂದೇ ವರ್ಷದಲ್ಲಿ ರಾಜ್ಯದ ಎಲ್ಲ ಪರೀಕ್ಷಾ ಕೇಂದ್ರಕ್ಕೆ ಕ್ಯಾಮೆರಾ, ಕೇಬಲ್, ಇಂಟರ್‌ನೆಟ್ ಮುಟ್ಟಿಸಲು ಆಗ್ತದ ಅಂದ ಮೇಲೆ, ಅದೇ ತಂತಿಯಲ್ಲಿ ವರ್ಷಪೂರ್ತಿ ಪಾಠ ಯಾಕ ಬರಬಾರದು? ನಮ್ಮ ಮಕ್ಕಳನ್ನು ಕಾಯಲು ಸಿಗುವ ರೊಕ್ಕ, ಕಲಿಸಲು ಯಾಕ ಸಿಗಬಾರದು?

ಹಂಗಾದ್ರ ಏನು ಮಾಡೋಣ

ಬಿ.ಎಡ್. ಎರಡು ವರ್ಷದ ಕೋರ್ಸ್ ಆದದ್ದು ಎನ್‌ಸಿಟಿಇಯ 2014ರ ನಿಯಮಗಳಿಂದ. ಆಗ ಪಠ್ಯಕ್ರಮ ಚೌಕಟ್ಟಿನಲ್ಲಿ ಒಂದು ಪತ್ರಿಕೆ ಸೇರಿತು, ಐಸಿಟಿಯ ವಿಮರ್ಶಾತ್ಮಕ ಅರಿವು ಅಂತ. ವಿಮರ್ಶಾತ್ಮಕ ಅನ್ನೋ ಶಬ್ದ ಸಿಲಬಸ್ಸಿನಲ್ಲೇ ಅದ. ಅದನ್ನು ಗಟ್ಟಿ ಹಿಡೀರಿ. ಪಿಪಿಟಿ ಮಾಡಿ ಮಾರ್ಕ್ಸ್ ತಗೊಂಡು ಬಿಡಬ್ಯಾಡ್ರಿ.

ನೆಟ್‌ವರ್ಕ್ ಇಲ್ಲದ ಸಾಲಿಗೆ ಹೋಗ್ತೀರಿ ಅಂತ ತಿಳಕೊಂಡೇ ತಯಾರಾಗ್ರಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ನೆಟ್‌ವರ್ಕ್ ಇರುವ ಕಡೆ ದೀಕ್ಷಾ ಪಾಠ ಡೌನ್‌ಲೋಡ್ ಮಾಡಿಕೊಂಡ್ರ ತರಗತಿಯಲ್ಲಿ ಇಂಟರ್‌ನೆಟ್ ಬೇಕಿಲ್ಲ. ಗಣಿತದವರು ಜಿಯೋಜೀಬ್ರಾ ಕಲೀರಿ, ಪುಕ್ಕಟೆ, ಮೊಬೈಲಿನಲ್ಲೂ ನಡೀತದ. ಕನ್ನಡವನ್ನು ಯೂನಿಕೋಡಿನಲ್ಲಿ ಟೈಪ್ ಮಾಡೋದು ರೂಢಿ ಮಾಡ್ರಿ. ಹಳೆ ಫಾಂಟಿನಲ್ಲಿ ಬರೆದ ಪಾಠ ಇನ್ನೊಬ್ಬರ ಮೊಬೈಲಿನಲ್ಲಿ ಚಿತ್ತಾರ ಆಗಿ ಕಾಣ್ತದ, ಹುಡುಕಿದರೆ ಸಿಗಲ್ಲ.

ಪಾಠ ನೀವೇ ಮಾಡ್ರಿ. ಮೊಬೈಲಿನ ರೆಕಾರ್ಡರ್ ಸಾಕು. ನಿಮ್ಮ ಆಯಿ ಹೇಳುವ ಬರಗಾಲದ ಕಥಿ, ತೊಗರಿ ಹೊಲದ ಕೂಲಿ ಲೆಕ್ಕ, ಊರಿನ ಬಾವಿಯ ನೀರು ಯಾರು ಯಾವಾಗ ಸೇದಿದರು ಅನ್ನೋದು, ಇವೆಲ್ಲ ಸಮಾಜ ವಿಜ್ಞಾನದ ಪಾಠ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ನಕಾಶೆ ಅದ, ಯಾರು ಬೇಕಾದರೂ ತುಂಬಬಹುದು. ಅದರಲ್ಲಿ ನಿಮ್ಮ ಓಣಿ ಹುಡುಕ್ರಿ. ಇಲ್ಲದಿದ್ರ ಏಳನೇ ಕ್ಲಾಸಿನ ಮಕ್ಕಳನ್ನು ಕರಕೊಂಡು ನಡೆದು ನೋಡಿ, ದಾರಿ, ಬೋರ್‌ವೆಲ್, ಅಂಗನವಾಡಿ ಎಲ್ಲ ತುಂಬ್ರಿ. ಆ ಮಕ್ಕಳಿಗೆ ಭೂಗೋಳ ಬರ್ತದ, ಓಣಿಗೆ ನಕಾಶೆಯಲ್ಲಿ ಜಾಗ ಸಿಗ್ತದ.

ತರಗತಿಯಲ್ಲಿ ಒಂದು ಪಟ್ಟಿ ಗೋಡೆಗೆ ಹಚ್ಚರಿ. ಇವತ್ತು ಯಾರು ಪ್ರೊಜೆಕ್ಟರ್ ಚಾಲೂ ಮಾಡಿದರು, ಯಾರು ಕೀಬೋರ್ಡ್ ಹಿಡಿದರು, ಯಾರು ಕಸ ಹೊಡೆದರು. ಒಂದು ತಿಂಗಳು ಬರೆದರೆ ಸಾಕು, ಜಾತಿ ಮತ್ತು ಗಂಡು-ಹೆಣ್ಣಿನ ಲೆಕ್ಕ ತಾನೇ ಕಾಣ್ತದ. ಆಮೇಲೆ ಪಾಳಿ ಬದಲಿಸ್ರಿ. ಹಿಂದಿನ ಬೆಂಚಿನ ಹುಡುಗಿ ಮೊದಲು.

ಇನ್ನೂ ಒಂದು. ಮಕ್ಕಳ ಫೋಟೊ ಹಾಕಿ ಲೈಕ್ ತಗೊಳ್ಳುವ ಚಟ ಬ್ಯಾಡ. ಬರಿಗಾಲಿನ ನಮ್ಮ ಮಗು ಯಾರ ಸ್ಟೇಟಸ್ಸಿಗೂ ಸಾಮಗ್ರಿ ಅಲ್ಲ.

ಕಡೆಯದು ರೊಕ್ಕದ ಮಾತು. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಅದ. 371(ಜೆ) ಅದ, ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನ ಅದ. ನಿಮ್ಮ ಕಾಲೇಜಿನ, ನಿಮ್ಮ ಊರಿನ ಸಾಲಿಯ ಕಂಪ್ಯೂಟರ್‌ಗೆ ಯಾವ ವರ್ಷ ಎಷ್ಟು ಬಂತು, ಲ್ಯಾಬ್ ವಾರಕ್ಕೆ ಎಷ್ಟು ತಾಸು ತೆರೆದಿರ್ತದ ಅಂತ ಮಾಹಿತಿ ಹಕ್ಕಿನಲ್ಲಿ ಕೇಳ್ರಿ. ಅರ್ಜಿ ಬರೆಯಲು ಸಂಘಟನೆಯವರು ಇದ್ದೀವಿ. 1856ರಲ್ಲಿ ಒಬ್ಬ ಹುಡುಗ ಒಂಟಿಯಾಗಿ ಅರ್ಜಿ ಬರೆದಿದ್ದ. ಈಗ ನಾವು ಸಾವಿರ ಮಂದಿ ಬರೆಯಬಹುದು.

ಯಂತ್ರ ಬೇಕೋ ಮಾಸ್ತರ ಬೇಕೋ ಅಂತ ನಮ್ಮನ್ನು ಕೇಳುವವರಿಗೆ ಒಂದೇ ಉತ್ತರ. ಎರಡೂ ಬೇಕು, ಮತ್ತು ಕೋಣೆಯ ಕೀಲಿ ನಮ್ಮ ಟೀಚರಮ್ಮನ ಕೈಯಲ್ಲಿರಬೇಕು.

ಬಿ.ಎಡ್., ಡಿ.ಎಲ್.ಎಡ್. ಓದುವವರು ನಿಮ್ಮ ಕಾಲೇಜಿನಲ್ಲಿ ಲ್ಯಾಬ್ ಹೆಂಗದ ಅಂತ ಕೆಳಗ ಬರೀರಿ. ಉಳಿದವರು ನಿಮ್ಮ ಮನೆಯ ವಿದ್ಯಾರ್ಥಿಗಳಿಗೆ ಓದಿಸ್ರಿ.

ಜೈ ಭೀಮ್. ಜೈ ಸಾವಿತ್ರಿ.